ಸಬ್ಬಕ್ಕಿ ಬೇಯುವಷ್ಟು ಹೊತ್ತು

"ಏನೇ ವಿಜಿ, ಎರಡು ಗಂಟೆಗೆ ಎಷ್ಟು ಕಾರ್ಟೂನ್ ಹಿಡಿಸುತ್ತೆ?"

ಡಬ್ಬಕ್ಕೆ ಎಷ್ಟು ಸೇರು ಅಕ್ಕಿ ಹಿಡಿಸುತ್ತೆ ಅಂತ ಕೇಳುವ ಧಾಟಿಯಲ್ಲೇ ಪದ್ಮಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ನಾನು ಈಚೆ ಬಟ್ಟೆ ಹಿಂಡುತ್ತಿದ್ದೆ. ಮೈಸೂರಿನ ಈ ಹಳೇ ಬಡಾವಣೆಯಲ್ಲಿ ಗೋಡೆಗಳಿನ್ನೂ ಎದೆಮಟ್ಟದಲ್ಲೇ ಇವೆ. ಅವರ ಕರಿಬೇವು ನಮ್ಮ ಕಡೆ ಬಾಗಿದೆ, ನಮ್ಮ ಹಾಗಲಬಳ್ಳಿ ಅವರ ಕಡೆ ಹಬ್ಬಿದೆ. ಮಾತಿಗಂತೂ ಆ ಕಡೆ ಈ ಕಡೆ ಅನ್ನುವ ಲೆಕ್ಕವೇ ಇಲ್ಲ.

ವಿಷಯ ಇಷ್ಟು. ಬೇಸಿಗೆ ರಜ ಶುರುವಾಗಿದೆ. ಬೀದಿಯ ಹೆಂಗಸರೆಲ್ಲ ಸೇರಿ ಶನಿವಾರ ಬೆಳಗ್ಗೆ ಪದ್ಮಕ್ಕನ ಹಿತ್ತಲಲ್ಲಿ ಸಬ್ಬಕ್ಕಿ ಬೇಯಿಸಿ, ಬಿಸಿಲೇರುವ ಮುಂಚೆ ತಾರಸಿ ಮೇಲೆ ಸಂಡಿಗೆ ಇಡುವುದು ಅಂತ ತೀರ್ಮಾನವಾಗಿದೆ. ಉರಿಯುವ ಒಲೆ, ಕುದಿಯುವ ಪಾತ್ರೆ, ನಡುವೆ ನಾಲ್ಕರಿಂದ ಹನ್ನೆರಡು ವರ್ಷದ ಎಂಟು ಮಕ್ಕಳು. ಆಗುವ ಮಾತಲ್ಲ. ಹೋದ ದೀಪಾವಳಿಗೆ ಪದ್ಮಕ್ಕನ ಮಗ ಹಾಲಿನ ಗೋಡೆಗೆ ಬಾಗಿಲಷ್ಟು ದೊಡ್ಡ ಟಿವಿ ಹಾಕಿಸಿಕೊಟ್ಟಿದ್ದಾನೆ. ಏಳೂವರೆಯಿಂದ ಒಂಬತ್ತೂವರೆವರೆಗೆ ಮಕ್ಕಳನ್ನು ಅದರ ಮುಂದೆ ಕೂರಿಸುವುದು. ಏನು ಹಾಕಬೇಕು ಅನ್ನುವುದು ನನ್ನ ತಲೆಗೆ ಬಿತ್ತು. ಬೆಂಗಳೂರಲ್ಲಿದ್ದಾಗ ನಾನು ಕೆಲವು ವರ್ಷ ಕಾರ್ಟೂನುಗಳಿಗೆ ಕನ್ನಡ ಡೈಲಾಗ್ ಬರೆಯುತ್ತಿದ್ದೆ. ಆ ಒಂದು ಪಾಪಕ್ಕೆ ಬೀದಿಯ ಮಟ್ಟಿಗೆ ನಾನೇ ಪಂಡಿತೆ.

"ಅಂದ್ರೆ ಮಕ್ಕಳಿಗೆ ಖುಷಿ ಆಗ್ಲಿ ಅಂತಲ್ಲ, ನಿಮಗೆ ಕೈ ಬಿಡುವಾಗ್ಲಿ ಅಂತ," ಅಂದೆ.

"ಮತ್ತಿನ್ನೇನು? ಖುಷಿ ಆದ್ರೆ ಆಗ್ಲಿ, ಬೇಡ ಅಂದೋರ್ಯಾರು?"

ಅಮೆರಿಕದ ಟಿವಿಯವರು ಎಷ್ಟೋ ವರ್ಷ ನಡೆಸಿದ ವ್ಯಾಪಾರದ ಗುಟ್ಟನ್ನು ಪದ್ಮಕ್ಕ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದರು. ಶನಿವಾರ ಬೆಳಗಿನ ಕಾರ್ಟೂನು ಅನ್ನುವುದು ಅಲ್ಲಿಯ ಮಣ್ಣಿನ ಬೆಳೆ. ವಾರವೆಲ್ಲ ದುಡಿದ ಅಪ್ಪ ಅಮ್ಮ ಅವತ್ತು ಹೊತ್ತೇರುವ ತನಕ ಮಲಗುತ್ತಾರೆ, ಮಕ್ಕಳು ಮಾತ್ರ ಕೋಳಿ ಜೊತೆ ಏಳುತ್ತವೆ. ದೊಡ್ಡವರು ನೋಡದ ಆ ಹೊತ್ತು ಟಿವಿಯವರಿಗೆ ಬೀಳು ಬಿದ್ದ ಜಮೀನಿದ್ದ ಹಾಗೆ ಇತ್ತು. 1960ರ ದಶಕದಲ್ಲಿ ಸಿಬಿಎಸ್, ಎನ್‌ಬಿಸಿ, ಎಬಿಸಿ ಮೂವರೂ ಅಲ್ಲಿ ಕಾರ್ಟೂನು ಬಿತ್ತಿದರು. ನಡುನಡುವೆ ಸಕ್ಕರೆ ಮೆತ್ತಿದ ಸೀರಿಯಲ್ ಜಾಹೀರಾತು, ಆಟದ ಬೊಂಬೆಯ ಜಾಹೀರಾತು. ಮಗು ತಾನೇ ಬಟ್ಟಲಿಗೆ ಸೀರಿಯಲ್ ಸುರಿದುಕೊಂಡು, ಹಾಲು ಚೆಲ್ಲಿಕೊಂಡು, ನೆಲದ ಮೇಲೆ ಕೂತು ನೋಡುತ್ತೆ. ಅಪ್ಪ ಅಮ್ಮನಿಗೆ ನಿದ್ದೆ, ಕಂಪನಿಗೆ ಕಾಸು.

"ಶನಿವಾರ ಬೆಳಗ್ಗೇನಾ?" ಪದ್ಮಕ್ಕ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿ ರಿಟೈರಾದವರು. "ನಮ್ಮಲ್ಲಿ ಆ ಹೊತ್ತಿಗೆ ನೋಡೋಕೆ ಒಂದು ಮಗು ಸಿಕ್ತಿತ್ತಾ? ಎಲ್ಲಾ ನನ್ನ ಮುಂದೆ ಡ್ರಿಲ್ ಮಾಡ್ತಾ ನಿಂತಿರೋವು."

ಹೌದಲ್ಲ! ನಮಗೆ ಶನಿವಾರ ಅಂದರೆ ಬೆಳಗಿನ ಕ್ಲಾಸು. ಬಿಳಿ ಯೂನಿಫಾರಂ, ಖಾಲಿ ಹೊಟ್ಟೆ, ಇಬ್ಬನಿ ಆರದ ಮೈದಾನದಲ್ಲಿ ಒಂದು ಎರಡು ಮೂರು. ನಮ್ಮ ಕಾರ್ಟೂನೆಲ್ಲ ಭಾನುವಾರದ್ದು, ಅದೂ ದೂರದರ್ಶನದ್ದು. ತಲೆಗೆ ಎಣ್ಣೆ ಹಚ್ಚಿಸಿಕೊಂಡು ಟಿವಿ ಮುಂದೆ ಕೂತಿರುತ್ತಿದ್ದೆವು, ನೀರು ಕಾದಿದೆ ಬಾರೇ ಅಂತ ಅಮ್ಮ ಬಚ್ಚಲಿಂದ ಕೂಗುತ್ತಿದ್ದರು. ಮೋಗ್ಲಿ ಮುಗಿಯುವ ತನಕ ಯಾರು ಏಳುತ್ತಾರೆ?

"ಮೋಗ್ಲಿ ಹಾಕು ಮತ್ತೆ. ಅದು ನಮ್ಮದೇ ಅಲ್ವಾ?"

ನಾನೂ ಹಾಗೇ ಅಂದುಕೊಂಡಿದ್ದೆ. ಕಾಡು ಮಧ್ಯಪ್ರದೇಶದ್ದು, ಕಥೆ ಬರೆದವನು ಇಂಗ್ಲಿಷಿನವನಾದರೂ ಹುಟ್ಟಿದ್ದು ಮುಂಬೈಯಲ್ಲಿ, ಶೀರ್ಷಿಕೆ ಹಾಡು ಗುಲ್ಜಾರ್ ಅವರದು, ರಾಗ ವಿಶಾಲ್ ಭಾರದ್ವಾಜ್ ಅವರದು, ಶೇರ್ ಖಾನನ ಗಂಟಲು ನಾನಾ ಪಾಟೇಕರ್ ಅವರದು. ಆದರೆ ಚಿತ್ರ ಬರೆದವರು ಜಪಾನಿನವರು. ನಿಪ್ಪಾನ್ ಅನಿಮೇಷನ್ 1989ರಲ್ಲಿ ಮಾಡಿದ 52 ಕಂತುಗಳ ಸರಣಿ ಅದು, 1993ರಲ್ಲಿ ಹಿಂದಿ ಉಟ್ಟುಕೊಂಡು ದೂರದರ್ಶನಕ್ಕೆ ಬಂತು. ಅನಿಮೆ ಅನ್ನುವ ಪದ ಕೇಳುವ ಎಷ್ಟೋ ವರ್ಷ ಮೊದಲೇ ಇಡೀ ದೇಶದ ಮಕ್ಕಳು ಎಣ್ಣೆತಲೆಯಲ್ಲಿ ಕೂತು ಅನಿಮೆ ನೋಡಿ ಮುಗಿಸಿದ್ದವು.

"ಹಾಗಾದ್ರೆ ಒಂದು ಹಾಕು. ಈಗ ಮೊದಲು ಯಾವುದು, ಆಮೇಲೆ ಯಾವುದು, ಅದು ಹೇಳು."

ಅಲ್ಲೇ ಇರುವುದು ಕಷ್ಟ. ಕಾರ್ಟೂನು ಆರಿಸುವುದಕ್ಕಿಂತ ಬಡಿಸುವ ಸರದಿಯೇ ತಲೆನೋವು. ಎಲೆ ಹಾಕಿದ ಕೂಡಲೇ ಯಾರೂ ಸಾರು ಸುರಿಯುವುದಿಲ್ಲ. ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಅಂತ ಒಂದು ಕ್ರಮ ಇರುತ್ತೆ. ಅಮೆರಿಕದ ಟಿವಿಯವರೂ ಹೀಗೇ ಬಡಿಸುತ್ತಿದ್ದರು. ಮೊದಲು ಏಳುವುದು ಪುಟಾಣಿಗಳಾದ್ದರಿಂದ ಮೊದಲ ಸರದಿ ಅವಕ್ಕೆ. ಹತ್ತು ಹನ್ನೊಂದು ವರ್ಷದವು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ಹೊಡೆದಾಟ, ಸಾಹಸ. ಒಂದು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಮಗು ಎದ್ದು ಚಾನೆಲ್ ತಿರುಗಿಸಬಾರದು, ಇಡೀ ವಿದ್ಯೆ ಅಷ್ಟೇ. ಪದ್ಮಕ್ಕನಿಗೆ ಆ ಅನುಕೂಲವೂ ಇಲ್ಲ. ಇಲ್ಲಿ ನಾಲ್ಕು ವರ್ಷದ ಪುಟ್ಟಿ, ಹನ್ನೆರಡರ ಆರ್ಯ ಒಂದೇ ಪಂಕ್ತಿಯಲ್ಲಿ ಕೂರುವವರು.

"ಟಾಮ್ ಅಂಡ್ ಜೆರ್ರಿ ಇಂದ ಶುರು ಮಾಡೋಣ," ಅಂದೆ. "ಮಾತೇ ಇಲ್ಲ, ಭಾಷೆ ತಕರಾರಿಲ್ಲ. ಒಂದೊಂದೂ ಏಳೆಂಟು ನಿಮಿಷ. ಲೇಟಾಗಿ ಬಂದೋರಿಗೂ ಕಥೆ ತಪ್ಪಿಹೋಯ್ತು ಅನ್ನೋ ಹಾಗಿಲ್ಲ."

"ಬರೀ ಹೊಡೆದಾಟ ಅಲ್ವೇನೇ? ತಲೆ ಮೇಲೆ ಕಬ್ಬಿಣ ಹಾಕ್ತಾನೆ, ಬಾಣಲೆಯಲ್ಲಿ ಮುಖಕ್ಕೆ ಬಾರಿಸ್ತಾನೆ. ನಮ್ಮ ಬಾಣಲೆ ಹೊರಗೇ ಇರುತ್ತೆ ಅವತ್ತು."

ಈ ತಕರಾರು ಪದ್ಮಕ್ಕ ಒಬ್ಬರದೇ ಅಲ್ಲ. 1968ರಲ್ಲಿ ಬಾಸ್ಟನ್ ಪಕ್ಕದ ನ್ಯೂಟನ್ ಅನ್ನುವ ಊರಲ್ಲಿ ಪೆಗ್ಗಿ ಚಾರೆನ್ ಅನ್ನುವ ತಾಯಿ ತಮ್ಮ ಮನೆಯ ಹಾಲಿನಲ್ಲೇ ಕೆಲವರನ್ನು ಕೂಡಿಸಿಕೊಂಡು, ಮಕ್ಕಳ ಟಿವಿ ಸುಧಾರಿಸಬೇಕು ಅಂತ ಒಂದು ಸಂಘ ಕಟ್ಟಿದರು. ಆ ವರ್ಷಗಳಲ್ಲಿ ಶನಿವಾರ ಬೆಳಗ್ಗೆ ತುಂಬ ಬರೀ ಗುದ್ದಾಟದ ವೀರರೇ ಇದ್ದರು. ಪೋಷಕರ ಗಲಾಟೆ ಜೋರಾದ ಮೇಲೆ, ಗುದ್ದಾಟವಿಲ್ಲದೆ ಮಕ್ಕಳನ್ನು ಹಿಡಿದಿಡುವಂಥದ್ದು ಏನಿದೆ ಅಂತ ಟಿವಿಯವರು ಹುಡುಕತೊಡಗಿದರು. ಹಾಗೆ 1969ರ ಸೆಪ್ಟೆಂಬರ್ 13ರಂದು ಸಿಬಿಎಸ್‌ನಲ್ಲಿ ಶುರುವಾದದ್ದು ಸ್ಕೂಬಿ-ಡೂ. ನಾಲ್ಕು ಹುಡುಗ ಹುಡುಗಿಯರು, ಒಂದು ವ್ಯಾನು, ಪುಕ್ಕಲು ನಾಯಿ. ಸಿನಾತ್ರಾ ಹಾಡೊಂದರ ಕೊನೆಯ ಗುನುಗಿನಿಂದ ನಾಯಿಗೆ ಹೆಸರು ಹೊಳೆಯಿತು ಅಂತ ಸಿಬಿಎಸ್‌ನ ಫ್ರೆಡ್ ಸಿಲ್ವರ್‌ಮನ್ ಹೇಳಿಕೊಳ್ಳುತ್ತಿದ್ದರು.

"ದೆವ್ವ ಬರುತ್ತಲ್ವಾ ಅದರಲ್ಲಿ?"

"ಬರುತ್ತೆ ಪದ್ಮಕ್ಕ. ಕೊನೆಗೆ ಮುಖವಾಡ ಕಿತ್ರೆ ಒಳಗೆ ಯಾವನೋ ಜಮೀನು ಹೊಡ್ಕೊಳ್ಳೋಕೆ ಬಂದೋನು ಇರ್ತಾನೆ."

"ಹಾಗಾದ್ರೆ ಹಾಕು. ನಮ್ಮ ಊರಲ್ಲೂ ಹಾಗೇ ಅಲ್ವಾ ದೆವ್ವ ಇದ್ದಿದ್ದು!"

ಎರಡಾಯಿತು. ಈ ಹೊತ್ತಿಗೆ ಆರ್ಯ ಸೈಕಲ್ಲಿನಲ್ಲಿ ಬಂದು ಗೇಟಿಗೆ ಕಾಲು ಕೊಟ್ಟು ನಿಂತ. "ಆಂಟಿ, ಶಿನ್‌ಚಾನ್ ಹಾಕಿ. ಇಲ್ಲಾಂದ್ರೆ ನಾವ್ಯಾರೂ ಬರಲ್ಲ," ಅಂತ ಎಂಟು ಜನರ ಪರವಾಗಿ ನೋಟಿಸು ಕೊಟ್ಟು ಹೋದ. ಪದ್ಮಕ್ಕನಿಗೆ ಶಿನ್‌ಚಾನ್ ಅಂದರೆ ಮೈಯೆಲ್ಲ ಉರಿ. ಅವರ ಮೊಮ್ಮಗ ಒಮ್ಮೆ ನೆಂಟರೆದುರು ಚಡ್ಡಿ ಇಳಿಸಿ ಕುಣಿದದ್ದನ್ನು ಅವರಿನ್ನೂ ಮರೆತಿಲ್ಲ. ಅದರ ಮೂಲ ಚಿತ್ರಕಥೆ 1990ರಲ್ಲಿ ಶುರುವಾದದ್ದೇ ದೊಡ್ಡವರು ಓದುವ ವಾರಪತ್ರಿಕೆಯಲ್ಲಿ. ಅಪ್ಪನ ಸಾಲ, ಅಮ್ಮನ ಸಿಡುಕು, ಮನೆಕಂತಿನ ಗೋಳು ಎಲ್ಲ ಅದರಲ್ಲಿದೆ. ನನ್ನ ಕೇಳಿದರೆ ಅಷ್ಟು ನಿಜವಾದ ಸಂಸಾರ ಬೇರೆ ಯಾವ ಕಾರ್ಟೂನಲ್ಲೂ ಇಲ್ಲ. ಹೇಳಲು ಹೋದೆ, ಪದ್ಮಕ್ಕ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಡೋರೆಮಾನ್‌ಗೆ ರಾಜಿಯಾಯಿತು.

ಡೋರೆಮಾನ್ ಬಗ್ಗೆ ಅವರದು ಇನ್ನೊಂದು ದೂರು. "ನಮ್ಮ ಪುಟ್ಟಿ ಹಿಂದೀಲಿ ಅಳ್ತಾಳೆ ಕಣೇ. ಬಿದ್ರೆ ಅಮ್ಮಾ ಅನ್ನಲ್ಲ, ಬಚಾವೋ ಅಂತಾಳೆ."

ಈ ದೂರೂ ಬರೀ ನಮ್ಮದಲ್ಲ. ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಉಲಿಯುತ್ತಿವೆ ಅಂತ 2013ರಲ್ಲಿ ಬಾಂಗ್ಲಾದೇಶದ ಸರ್ಕಾರ ಹಿಂದಿ ಡೋರೆಮಾನ್‌ಗೇ ತಡೆ ಹಾಕಿತ್ತು. ನಮ್ಮಲ್ಲಿ ಕನ್ನಡಕ್ಕೇ ಅಂತ ಚಿಂಟು ಟಿವಿ ಬಂದದ್ದು 2009ರಲ್ಲಿ. ಡಬ್ಬಿಂಗ್ ಅಂದರೆ ಚಿತ್ರರಂಗ ಕೆಂಡ ಕಾರುತ್ತಿದ್ದ ಕಾಲ ಅದು. ದೊಡ್ಡವರ ಸಿನಿಮಾಕ್ಕೆ ಬಾಗಿಲು ಹಾಕಿತ್ತು, ಕಾರ್ಟೂನು ಮಾತ್ರ ಮಕ್ಕಳ ಸಾಮಾನು ಅಂತ ಕಿಟಕಿಯಿಂದ ಒಳಗೆ ಬಂತು. ನನ್ನಂಥವರ ಹೊಟ್ಟೆಪಾಡಿಗೂ ಅದೇ ಕಿಟಕಿ.

ಆ ಕೆಲಸದ ಒಂದು ಸುಖವನ್ನು ಪದ್ಮಕ್ಕನಿಗೆ ಅವತ್ತು ಹೇಳಿದೆ. ತುಟಿಗೆ ಮಾತು ಕೂರಿಸುವುದು ಅಂತ ನಾವು ಅದನ್ನು ಕರೆಯುತ್ತಿದ್ದೆವು. ಅಮೆರಿಕದವರು ಮೊದಲು ದನಿ ರೆಕಾರ್ಡು ಮಾಡಿ, ಆಮೇಲೆ ಅದಕ್ಕೆ ತಕ್ಕಂತೆ ಬಾಯಿ ಬರೆಯುತ್ತಾರೆ. ಇಂಗ್ಲಿಷಿನ ಒಂದೊಂದು ಉಚ್ಚಾರಕ್ಕೂ ಒಂದೊಂದು ತುಟಿ. ಅಲ್ಲಿಗೆ ಕನ್ನಡ ತೂರಿಸುವುದು ಇನ್ನೊಬ್ಬರ ಅಳತೆಗೆ ಹೊಲಿದ ರವಿಕೆಯೊಳಗೆ ತೋಳು ತೂರಿಸಿದ ಹಾಗೆ. ಜಪಾನಿನವರು ಸಾಮಾನ್ಯವಾಗಿ ಮೊದಲು ಚಿತ್ರ ಮುಗಿಸಿ ಆಮೇಲೆ ದನಿ ಕೊಡುತ್ತಾರೆ. ಟಿವಿ ಸರಣಿಯಲ್ಲಿ ಬಾಯಿಗೆ ಹೆಚ್ಚುಕಮ್ಮಿ ಮೂರೇ ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಸಡಿಲ ರವಿಕೆ, ಯಾರ ತೋಳಾದರೂ ಹೋಗುತ್ತೆ.

ಅದಕ್ಕಿಂತ ದೊಡ್ಡದು ವಾಕ್ಯದ ಬಾಲ. ಅವರ ಮಾತಿನಲ್ಲೂ ನಮ್ಮ ಹಾಗೇ ಕ್ರಿಯೆ ಕೊನೆಗೆ, 'ಇಲ್ಲ' ಅನ್ನುವುದೂ ಕೊನೆಗೆ. ಅಪ್ಪ ಇವತ್ತು ಮನೆಗೆ ಬರು... ಅಂತ ಮಗು ಕಣ್ಣರಳಿಸಿ ಕೇಳುತ್ತಿರುತ್ತೆ, ...ವುದಿಲ್ಲ ಅಂದಾಗ ಮುಖ ಬಾಡುತ್ತೆ. ಆ ಚಿತ್ರದಲ್ಲಿ ಮುಖ ಬಾಡುವ ಚೌಕಟ್ಟಿಗೆ ಸರಿಯಾಗಿ ನಮ್ಮ 'ಇಲ್ಲ' ಬಂದು ಕೂರುತ್ತೆ. ಇಂಗ್ಲಿಷಿನಲ್ಲಾದರೆ ಮುಖ ಬಾಡುವ ಮೊದಲೇ ಸುದ್ದಿ ಗೊತ್ತಾಗಿಬಿಟ್ಟಿರುತ್ತೆ. ಇನ್ನು ಅಣ್ಣ, ಅಕ್ಕ. ಜಪಾನಿನ ಮಗುವೂ ಅಣ್ಣನನ್ನು ಹೆಸರು ಹಿಡಿದು ಕೂಗುವುದಿಲ್ಲ, ಅಣ್ಣ ಅಂತಲೇ ಕೂಗುತ್ತೆ. ಆದರೆ ನನ್ನ ಕೈಗೆ ಬರುತ್ತಿದ್ದ ಸ್ಕ್ರಿಪ್ಟು ಜಪಾನಿಯಿಂದ ಇಂಗ್ಲಿಷಿಗೆ, ಅಲ್ಲಿಂದ ಹಿಂದಿಗೆ ಬಂದು, ಮೂರು ಮನೆ ನೀರು ಕುಡಿದದ್ದು. ದಾರಿಯಲ್ಲಿ ಅಣ್ಣ ಎಲ್ಲೋ ಇಳಿದುಹೋಗಿರುತ್ತಿದ್ದ. ನಾನು ವಾಪಸ್ 'ಅಣ್ಣ' ಅಂತ ಬರೆದರೆ, ಸ್ಕ್ರಿಪ್ಟಲ್ಲಿಲ್ಲದ್ದು ಯಾಕೆ ಸೇರಿಸ್ತೀರಾ ಅಂತ ಸ್ಟುಡಿಯೋದವರು ಕೆಂಪು ಗೆರೆ ಎಳೆಯುತ್ತಿದ್ದರು. ಸ್ಟುಡಿಯೋ ಹೆಸರು ಬಿಡಿ. ಆ ಗೆರೆಗಳ ಸಿಟ್ಟು ಮಾತ್ರ ನನಗಿನ್ನೂ ಇಳಿದಿಲ್ಲ.

"ಅಯ್ಯೋ, ಅಣ್ಣ ಅಂದ್ರೆ ಅವರಿಗೇನಂತೆ ಕಷ್ಟ?"

ಕಷ್ಟ ಅನ್ನಕ್ಕೂ ಇತ್ತು ಪದ್ಮಕ್ಕ, ಅಂದೆ. ಪೋಕೆಮಾನ್ ಅಮೆರಿಕಕ್ಕೆ ಹೋಗಿ, 1999ರಲ್ಲಿ ಕಿಡ್ಸ್ ಡಬ್ಲ್ಯೂಬಿ ಅನ್ನುವ ಶನಿವಾರದ ಸರದಿಗೆ ಬಂದು, ಅಲ್ಲಿ ರಾಜನಾಗಿ ಮೆರೆಯಿತು. ಅದರಲ್ಲಿ ಹುಡುಗರು ಬುತ್ತಿ ಬಿಚ್ಚಿ, ಕಡಲಪಾಚಿ ಸುತ್ತಿದ ಮುಕ್ಕೋನದ ಅನ್ನದುಂಡೆ ತಿನ್ನುತ್ತಾರೆ. ಅಮೆರಿಕದ ಮಕ್ಕಳಿಗೆ ಅನ್ನದುಂಡೆ ಏನು ಗೊತ್ತು ಅಂತ ಅಲ್ಲಿನ ಡಬ್ಬಿಂಗ್ ಕಂಪನಿ, ಬೆಳ್ಳಗೆ ಕಣ್ಣಿಗೆ ರಾಚುತ್ತಿರುವ ಅನ್ನವನ್ನೇ 'ಜೆಲ್ಲಿ ಡೋನಟ್' ಅಂತ ಬಾಯಲ್ಲಿ ಹೇಳಿಸಿತು. ಒನ್ ಪೀಸ್ ಅನ್ನುವ ಇನ್ನೊಂದು ಜಪಾನಿ ಸರಣಿಯ ಅಡುಗೆಯವನು ಸ್ಯಾಂಜಿ ಸದಾ ಸಿಗರೇಟು ಕಚ್ಚಿರುವವನು. ಅದೇ ಕಂಪನಿ ಅದನ್ನಳಿಸಿ ಬಾಯಿಗೆ ಲಾಲಿಪಾಪ್ ಇಟ್ಟಿತು. 2014ರಲ್ಲಿ ಡೋರೆಮಾನ್ ಅಲ್ಲಿಗೆ ಹೋದಾಗ ನೊಬಿತ 'ನೋಬಿ' ಆದ, ಯೆನ್ ನೋಟು ಡಾಲರ್ ಆಯಿತು, ಊಟದ ಕಡ್ಡಿ ಹೋಗಿ ಫೋರ್ಕ್ ಬಂತು.

ಕುಯ್ದು ಹೊಲಿಯುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಜಪಾನಿನ ಹಳೇ ಬೇಸ್‌ಬಾಲ್ ಕಾರ್ಟೂನು ಕ್ಯೋಜಿನ್ ನೋ ಹೋಶಿಯನ್ನು 2012ರಲ್ಲಿ ಬ್ಯಾಟು ಬದಲಿಸಿ, ಸೂರಜ್ ಅನ್ನುವ ಮುಂಬೈ ಹುಡುಗನ ಕ್ರಿಕೆಟ್ ಕಥೆ ಮಾಡಿದರು. ಆದರೆ ಡೋರೆಮಾನ್ ನಮ್ಮಲ್ಲಿಗೆ ನೊಬಿತ, ಜಿಯಾನ್, ಸುನಿಯೋ ಅಂತ ಅದದೇ ಹೆಸರಲ್ಲಿ ಬಂತು, ಅದು ತಿನ್ನುವ ಡೊರಾಯಾಕಿ ಮಾತ್ರ ಡೋರಾ ಕೇಕ್ ಆಯಿತು. ಯಾವ ಮಗುವಿಗೂ ಅಜೀರ್ಣವಾಗಲಿಲ್ಲ. ಪುಟ್ಟಿ ದೋಸೆ ನಡುವೆ ಬೆಲ್ಲ ಇಟ್ಟು ಡೋರಾ ಕೇಕ್ ಅಂತ ತಿನ್ನುತ್ತಾಳೆ.

"ಈಗಲೂ ಇದೆಯಾ ಅಲ್ಲಿ, ಶನಿವಾರದ್ದು?"

"ಎಲ್ಲಿ? ನಿಂತು ಹತ್ತು ವರ್ಷದ ಮೇಲಾಯ್ತು." 1990ರಲ್ಲಿ ಕಾಯ್ದೆ ಬಂತು, ವಾರದ ಕೊನೆಯ ದಿನಗಳಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಗಂಟೆಗೆ ಹತ್ತೂವರೆ ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕಕೂಡದು ಅಂತ. 1996ರಲ್ಲಿ, ವಾರಕ್ಕೆ ಮೂರು ಗಂಟೆ ಕಲಿಕೆಯದ್ದು ಹಾಕಿ ಅಂತ ನಿಯಮ ಬಂತು. ಅಷ್ಟರಲ್ಲಿ ಕೇಬಲ್ಲಿನವರು ಇಪ್ಪತ್ತನಾಲ್ಕು ಗಂಟೆಯೂ ಕಾರ್ಟೂನು ಸುರಿಯುತ್ತಿದ್ದರು. ಎನ್‌ಬಿಸಿ 1992ರಲ್ಲೇ ಕೈ ಎತ್ತಿತು. ಕೊನೆಗೆ ಉಳಿದ ಸಿಡಬ್ಲ್ಯೂ ಜಾಲದ ಸರದಿ 2014ರ ಸೆಪ್ಟೆಂಬರ್ 27ರಂದು ಮುಗಿಯಿತು. ಆ ಕೊನೆಯ ಪಂಕ್ತಿಯಲ್ಲಿ ಯು-ಗಿ-ಓ, ಡ್ರ್ಯಾಗನ್ ಬಾಲ್ ಇದ್ದವು. ಅಮೆರಿಕದ ಅಂಗಳದ ಆಟವನ್ನು ಕೊನೆತನಕ ಆಡಿದವರು ಜಪಾನಿನವರು ಅನ್ನಿ.

ಕೊನೆಯದಾಗಿ ನಾನು ಒಂದು ಹಟ ಹಿಡಿದೆ. ಜಪಾನಿನ ಮಿಯಾಜಾಕಿಯ ಟೊಟೊರೊ ಸಿನಿಮಾವನ್ನು ಎರಡು ಶನಿವಾರಕ್ಕೆ ಸೀಳಿ ಹಾಕಬೇಕು ಅಂತ. 1988ರದ್ದು, ಒಂದೂವರೆ ಗಂಟೆಯೂ ಇಲ್ಲ. ದುಷ್ಟರು ಯಾರೂ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಕ್ಕ ತಂಗಿ ಹೊಸ ಊರಿನ ಹಳೇ ಮನೆಗೆ ಬಂದಿದ್ದಾರೆ, ಅಷ್ಟೇ.

"ಕನ್ನಡದಲ್ಲಿದೆಯಾ?"

"ಇಲ್ಲ. ಪಕ್ಕದಲ್ಲಿ ಕೂತು ನಾನೇ ಹೇಳ್ತೀನಿ. ಜಪಾನಲ್ಲಿ ಮೂಕಿ ಸಿನಿಮಾ ಕಾಲಕ್ಕೆ ಪರದೆ ಪಕ್ಕ ನಿಂತು ಎಲ್ಲರ ಮಾತೂ ಹೇಳೋರು ಇದ್ರಂತೆ, ಬೆನ್ಶಿ ಅಂತ."

"ಹೇಳು ಹೇಳು, ಹರಿಕಥೆ ಥರ. ತಾಳ ಬೇಕಾ?"

ಇನ್ನೊಂದು ಷರತ್ತು ನನ್ನದು. ಕಿಟಕಿ ಪರದೆ ತೆಗೆದಿರಬೇಕು, ಮಕ್ಕಳು ಗೋಡೆಗೆ ಒರಗಿ ದೂರ ಕೂರಬೇಕು. ಪದ್ಮಕ್ಕ ಥಿಯೇಟರಿನ ಹಾಗೆ ಕತ್ತಲು ಮಾಡುವ ಉತ್ಸಾಹದಲ್ಲಿದ್ದರು. 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಕೆಲವೇ ಸೆಕೆಂಡು ಪಟಪಟ ಬಡಿದು, ಆರುನೂರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಸರಣಿ ನಾಲ್ಕು ತಿಂಗಳು ನಿಂತಿತು, ಆ ಕಂತನ್ನು ಮತ್ತೆ ತೋರಿಸಲೇ ಇಲ್ಲ. ಕೋಣೆಯಲ್ಲಿ ಬೆಳಕಿರಲಿ, ಟಿವಿಯಿಂದ ದೂರ ಕೂತು ನೋಡಿ ಅನ್ನುವ ಸಾಲು ಅಲ್ಲಿನ ಮಕ್ಕಳ ಕಾರ್ಯಕ್ರಮಗಳ ಶುರುವಿನಲ್ಲಿ ಬರತೊಡಗಿದ್ದು ಆಮೇಲೆ. ಇದನ್ನು ಕೇಳಿ ಪದ್ಮಕ್ಕ ಸೀದಾ ಒಳಗೆ ಹೋಗಿ ಪರದೆಗಳನ್ನೇ ಬಿಚ್ಚಿ ಒಗೆಯಲು ಹಾಕಿದರು.

ಮೊದಲ ಶನಿವಾರ ಸುಸೂತ್ರ. ಬಹಿಷ್ಕಾರ ಹಾಕಿದ್ದ ಆರ್ಯನೇ ಏಳು ಗಂಟೆಗೆ ಬಂದು ಮುಂದಿನ ಚಾಪೆ ಹಿಡಿದ. ಸ್ಕೂಬಿ-ಡೂ ಮುಖವಾಡ ಕೀಳುವ ಮೊದಲೇ ಒಳಗಿರುವವನು ಯಾರು ಅಂತ ಎಂಟೂ ಮಕ್ಕಳು ಕಿರುಚಿ ಹೇಳಿ, ಎಲ್ಲರೂ ತಪ್ಪಿದರು. ಟೊಟೊರೊ ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಪುಟ್ಟಿ ಅತ್ತಳು, ಈ ಸಲ ಅಮ್ಮಾ ಅಂತ. ತಾರಸಿ ಮೇಲೆ ನಾಲ್ಕು ಶೀಟು ಸಂಡಿಗೆ.

ಎರಡನೇ ಶನಿವಾರ ಹೆಂಗಸರೆಲ್ಲ ಮೊದಲ ಪಾತ್ರೆಯದ್ದನ್ನು ಮೇಲೆ ಇಡಲು ಹೋಗಿದ್ದರು. ಎರಡನೆಯದನ್ನು ತೊಳಸುತ್ತಿದ್ದ ಪದ್ಮಕ್ಕ, ಮಕ್ಕಳು ಯಾಕೆ ಸದ್ದೇ ಇಲ್ಲ ಅಂತ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಪರದೆ ಮೇಲೆ ಮಳೆ. ಕತ್ತಲ ದಾರಿ, ಬಸ್ ಸ್ಟಾಪಿನ ಒಂದು ದೀಪ. ಅಕ್ಕ ಬೆನ್ನ ಮೇಲೆ ನಿದ್ದೆ ಹೋದ ತಂಗಿಯನ್ನು ಹೊತ್ತು, ಬಸ್ಸಿಳಿಯುವ ಅಪ್ಪನಿಗೆ ಅಂತ ಇನ್ನೊಂದು ಕೊಡೆ ಹಿಡಿದು ಕಾಯುತ್ತಿದ್ದಾಳೆ. ಪಕ್ಕದಲ್ಲಿ ತಲೆ ಮೇಲೆ ಎಲೆ ಇಟ್ಟುಕೊಂಡು ಕಾಡಿನ ಆ ದೊಡ್ಡ ಜೀವಿ ಟೊಟೊರೊ ಬಂದು ನಿಂತಿದೆ. ಅವಳು ಅಪ್ಪನ ಕೊಡೆಯನ್ನು ಅದಕ್ಕೆ ಕೊಟ್ಟಳು. ಮರದಿಂದ ಕೊಡೆ ಮೇಲೆ ಒಂದು ಹನಿ. ಮತ್ತೊಂದು ಹನಿ. ಟೊಟೊರೊ ಕಣ್ಣರಳಿಸಿತು. ಮಾತೇ ಇಲ್ಲದ ಜಾಗ ಅದು, ನನ್ನ ಹರಿಕಥೆಗೆ ಕೆಲಸವೇ ಇಲ್ಲ. ಪುಟ್ಟಿ ಪದ್ಮಕ್ಕನ ಸೆರಗು ಹಿಡಿದು ಎಳೆದು ಕೂರಿಸಿಕೊಂಡಳು.

ಸುಮ್ಮನೆ ಕೂತಿದ್ದಕ್ಕೇ ನನ್ನ ಮೂಗಿಗೆ ಬಡಿಯಿತು.

"ಪದ್ಮಕ್ಕ, ಸೀದ ವಾಸನೆ. ತಳ ಹಿಡೀತಿದೆ."

"ತಡಿಯೇ," ಅಂದರು, ಪರದೆಯಿಂದ ಕಣ್ಣು ಕೀಳದೆ. "ಬಸ್ ಬಂತು."